ಅರ್ಧ ಮಾತ್ರೆಯ ಲೆಕ್ಕ

ಮಲ್ಲೇಶ್ವರಂ 18ನೇ ಅಡ್ಡರಸ್ತೆಯಲ್ಲಿ ಅರಣ್ಯ ಭವನವಿದೆ. ನಮ್ಮ ಅರಣ್ಯ ಇಲಾಖೆಯವರಿಗೆ ಹ್ಯಾರಿ ಚಾಂಪಿಯನ್ ಹೆಸರು ಚೆನ್ನಾಗಿ ಗೊತ್ತು; ಭಾರತದ ಕಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿ 1936ರಲ್ಲಿ ಪುಸ್ತಕ ಬರೆದವರು. ಅವರ ಮಗಳು ಹೆದರ್ ಆಷ್ಟನ್ ಹುಟ್ಟಿದ್ದು 1929ರಲ್ಲಿ, ಡೆಹ್ರಾಡೂನಿನಲ್ಲಿ. ಆಕೆಯ ಕೆಲಸಕ್ಕೂ ಅದೇ ಮಲ್ಲೇಶ್ವರದ ಮೆಡಿಕಲ್ ಶಾಪುಗಳಿಗೂ ನಂಟಿದೆ.

"ಅಮ್ಮನ ನಿದ್ದೆ ಮಾತ್ರೆ, ಒಂದು ಸ್ಟ್ರಿಪ್" ಎಂದರೆ ಈಗ ಅಂಗಡಿಯವರು "ಡಾಕ್ಟರ್ ಚೀಟಿ ತನ್ನಿ ಸಾರ್" ಅನ್ನಬೇಕು. ಇಂಥ ಮಾತ್ರೆಗಳಾದ ಅಲ್ಪ್ರಜೋಲಾಮ್, ಡಯಾಜೆಪಾಮ್ ಮಾರಾಟವನ್ನು 2014ರಿಂದ ಬೇರೆಯೇ ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ನಿಯಮವಿದೆ.

ಈ ಜಾತಿಯ ಔಷಧ ಸಿಕ್ಕಿದ್ದು ಕಸದಲ್ಲಿ. 1957ರಲ್ಲಿ ಅಮೆರಿಕದಲ್ಲಿ ರೋಶ್ ಕಂಪನಿಯ ಲಿಯೋ ಸ್ಟರ್ನ್‌ಬಾಕ್ ಅವರ ಪ್ರಯೋಗಶಾಲೆ ಗುಡಿಸುವಾಗ ಮೂಲೆಗೆ ಬಿದ್ದಿದ್ದ ಹರಳು ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ (ಅಂದರೆ ಡಯಾಜೆಪಾಮ್) ಅಂಗಡಿಗೆ ಬಂದವು. ಹಿಡಿಸುವುದು ಅಷ್ಟು ಸಲೀಸಾಯಿತು. ಬಿಡಿಸುವುದನ್ನು ಕಲಿಯಲು ಇನ್ನೂ ಎರಡು ದಶಕ ಬೇಕಾಯಿತು.

ಎಚ್ಚರಿಕೆಯೇನೋ 1961ರಲ್ಲೇ ಸಿಕ್ಕಿತ್ತು. ಲಿಯೋ ಹಾಲಿಸ್ಟರ್ ಎಂಬ ವೈದ್ಯರು ಭಾರೀ ಪ್ರಮಾಣದ ಲಿಬ್ರಿಯಂ ತಿನ್ನುತ್ತಿದ್ದ 11 ರೋಗಿಗಳಿಗೆ ಗೊತ್ತಾಗದಂತೆ ಅದನ್ನು ಒಮ್ಮೆಲೇ ನಿಲ್ಲಿಸಿದರು. ಇಬ್ಬರಿಗೆ ಫಿಟ್ಸ್ ಬಂತು. ಪ್ರಮಾಣ ಹೆಚ್ಚಾಗಿತ್ತು ಎಂದು ವೈದ್ಯಲೋಕ ಸಮಾಧಾನ ಮಾಡಿಕೊಂಡಿತು. 1981ರಲ್ಲಿ ಲಂಡನ್ನಿನ ವೈದ್ಯ ಮಾಲ್ಕಂ ಲೇಡರ್ ಮತ್ತವರ ಸಹೋದ್ಯೋಗಿ ಮಾಮೂಲಿ ಪ್ರಮಾಣ ತೆಗೆದುಕೊಳ್ಳುತ್ತಿದ್ದ 16 ಜನರನ್ನು ನೋಡಿದರು. ನಿಧಾನವಾಗಿ ನಿಲ್ಲಿಸಿದರೂ 16 ಜನಕ್ಕೂ ಒಂದಲ್ಲ ಒಂದು ಬಾಧೆ ಕಾಡಿತು. ಆ ಸಮಾಧಾನ ಅಲ್ಲಿಗೆ ಮುಗಿಯಿತು.

ಆಷ್ಟನ್ 1982ರಿಂದ 1994ರವರೆಗೆ ನ್ಯೂಕ್ಯಾಸಲ್ಲಿನಲ್ಲಿ ಈ ಮಾತ್ರೆ ಬಿಡಿಸುವುದಕ್ಕೆಂದೇ ಕ್ಲಿನಿಕ್ ನಡೆಸಿದರು. ಬಂದವರು ಸುಮಾರು 300 ಜನ. ಆಕೆ ಔಷಧಶಾಸ್ತ್ರದ ಪ್ರಾಧ್ಯಾಪಕಿ. ಆದರೂ ದಾರಿ ಕಲಿಸಿದವರು ರೋಗಿಗಳೇ ಎಂದು ಹೇಳಿಕೊಂಡರು. ನನಗೆ ಇಡೀ ಕತೆಯಲ್ಲಿ ದೊಡ್ಡದೆನಿಸುವುದು ಇದೇ. ಆ ದಾರಿ ಹೀಗೆ: ಅಲ್ಪ್ರಜೋಲಾಮ್ ಅರ್ಧ ದಿನದಲ್ಲೇ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಮುಂದಿನ ಮಾತ್ರೆಯ ಹೊತ್ತಿಗೆ ಕೈ ನಡುಗುತ್ತದೆ. ಡಯಾಜೆಪಾಮ್ ಅಷ್ಟು ಇಳಿಯಲು ಒಂದರಿಂದ ನಾಲ್ಕು ದಿನ ಹಿಡಿಯುತ್ತದೆ. ಆದ್ದರಿಂದ ಮೊದಲು ಹಂತಹಂತವಾಗಿ ಡಯಾಜೆಪಾಮಿಗೆ ಬದಲಾಯಿಸಿ, ಆಮೇಲೆ ಒಂದೆರಡು ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲಿನಷ್ಟು ಇಳಿಸುವುದು. 2 ಮಿಲಿಗ್ರಾಂ ಮಾತ್ರೆಯ ನಡುವಿನ ಗೀರಿನಲ್ಲಿ ಮುರಿದರೆ 1 ಮಿಲಿಗ್ರಾಂ. ಕಷ್ಟವಾದರೆ ಅಲ್ಲೇ ಕೆಲವು ವಾರ ನಿಲ್ಲಬಹುದು. ವೇಗ ರೋಗಿಯದ್ದು, ಕಣ್ಗಾವಲು ಡಾಕ್ಟರದ್ದು. ತಿಂಗಳುಗಳೇ ಹಿಡಿದರೂ ಅವಸರವಿಲ್ಲ. ಇಲ್ಲಿ ಯಾರಾದರೂ ಬಿಡಬೇಕೆಂದಿದ್ದರೆ ಚೀಟಿ ಬರೆದ ವೈದ್ಯರನ್ನೋ ನಿಮ್ಹಾನ್ಸಿನವರನ್ನೋ ಕೇಳಿಯೇ ಶುರುಮಾಡಬೇಕು. ತಾವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸಿನ ಅಪಾಯವಿದೆ.

ಈ ಅನುಭವವನ್ನೆಲ್ಲ ಆಕೆ 1999ರಲ್ಲಿ ಕೈಪಿಡಿಯಾಗಿ ಬರೆದಿಟ್ಟರು. ಕೊನೆಯ ಚೂರು ಬಿಡಲು ಜನ ಬಹಳ ಹೆದರುತ್ತಾರೆ, ಇನ್ನಷ್ಟು ದಿನ ಎಳೆಯುತ್ತಾರೆ ಎಂಬುದನ್ನು ಆಷ್ಟನ್ ಗಮನಿಸಿದ್ದರು. ದಿನಕ್ಕೆ ಅರ್ಧ ಮಿಲಿಗ್ರಾಂ ತಲುಪಿದ ಮೇಲೆ ಎಳೆಯಬೇಡಿ, ಬಿಟ್ಟುಬಿಡಿ ಎಂದರು. ಬಿಟ್ಟ ಎಷ್ಟೋ ಜನಕ್ಕೆ ಅದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.