ಪಾಚಿಯ ಕುಲವಿಚಾರ

ಕಲ್ಯಾಣದುರ್ಗದ ಸೀಮೆಯಲ್ಲಿ ಮಳೆ ಕಡಮೆ. ಕೆರೆಗೆ ಬಂದ ನೀರು ಬೇಸಗೆಯಲ್ಲಿ ತಗ್ಗುತ್ತ ಬಂದಂತೆ ಅದರ ಮೇಲೆ ಹಸುರು ಕಟ್ಟುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದನ್ನು ನಾವು ಪಾಚಿ, ಹಾವಸೆ ಎನ್ನುತ್ತೇವೆ. ತೆಲುಗು ಮಾತನಾಡುವ ನೆರೆಯವರು ನಾಚು ಎನ್ನುತ್ತಾರೆ. ಮಳೆಗಾಲದಲ್ಲಿ ಹಳೆಯ ಗೋಡೆಯ ಮೇಲೆ ಮಖಮಲ್ಲಿನಂತೆ ಹಬ್ಬುವುದಕ್ಕೂ ಪಾಚಿಯೆಂದೇ ಹೆಸರು. ಆದರೆ ಅದು ಸಣ್ಣ ಎಲೆ ಕಾಂಡಗಳಂತಹ ಅವಯವಗಳುಳ್ಳ ಬೇರೊಂದು ಸಸ್ಯ. ಬೇರು, ಕಾಂಡ, ಎಲೆ, ಹೂವು ಒಂದೂ ಇಲ್ಲದೆ, ಬಿಸಿಲಿನ ಬಲದಿಂದ ತಮ್ಮ ಆಹಾರವನ್ನು ತಾವೇ ಮಾಡಿಕೊಳ್ಳುವ ನೀರಿನ ಪಾಚಿಗಳೇ ಇಲ್ಲಿ ನಮ್ಮ ವಿಷಯ.

ಹಲವನ್ನು ಒಂದೇ ಹೆಸರಿನಲ್ಲಿ ಕೂಡಿಸಿದವರು ನಾವು ಮಾತ್ರವಲ್ಲ. 1753ರಲ್ಲಿ ಸ್ವೀಡನ್ ದೇಶದ ಲಿನೇಯಸನು ಸಸ್ಯಗಳನ್ನು ವಿಂಗಡಿಸಿದಾಗ, ನಮ್ಮ ಮಸಾಲೆಯ ಕಲ್ಲುಹೂವಿನ ಜಾತಿಯವನ್ನೂ ಪಾಚಿಗಳ ಗುಂಪಿಗೇ ಸೇರಿಸಿದ್ದನು. 1935ರಲ್ಲಿ ಇಂಗ್ಲೆಂಡಿನ ಫ್ರಿಟ್ಷ್ ಎಂಬ ವಿದ್ವಾಂಸರು ಪಾಚಿಯ ಬಣ್ಣ, ಅದು ಕೂಡಿಡುವ ಆಹಾರ, ಈಜಲು ಅದಕ್ಕಿರುವ ನವುರಾದ ಬಾಲ ಇವುಗಳನ್ನು ನೋಡಿ 11 ವರ್ಗಗಳನ್ನು ಮಾಡಿದರು. ಮದರಾಸಿನ ಎಂ. ಓ. ಪಿ. ಅಯ್ಯಂಗಾರ್ ಅವರು ತಾವು ಕಂಡ ಹೊಸ ಪಾಚಿಯೊಂದಕ್ಕೆ 1932ರಲ್ಲಿ ಇವರ ಹೆಸರನ್ನೇ ಇಟ್ಟಿದ್ದರು.

ಇಂದು ವಂಶವಾಹಿಗಳನ್ನು ಪರೀಕ್ಷಿಸಿ ನೆಂಟತನವನ್ನು ನಿರ್ಣಯಿಸುತ್ತಾರೆ. ಅದರಂತೆ ಹಸುರು ಪಾಚಿಯು ನಮ್ಮ ಹೊಲದ ಕಡಲೆಕಾಯಿ ಗಿಡಕ್ಕೆ ಹತ್ತಿರದ ನೆಂಟ. ಸಮುದ್ರದ ಕಂದು ಪಾಚಿಯಾದರೋ ಬಹುದೂರದ್ದು. ನೀಲಿಹಸುರು ಪಾಚಿಯಂತೂ ಸಸ್ಯವೇ ಅಲ್ಲ, ಬ್ಯಾಕ್ಟೀರಿಯ. ಅದರ ಜೀವಕೋಶದಲ್ಲಿ ಕೋಶಕೇಂದ್ರವಿಲ್ಲ. ಆದರೂ ಅದರ ಪೂರ್ವಜವೊಂದು ಬಹುಕಾಲದ ಹಿಂದೆ ಮತ್ತೊಂದು ಜೀವಕೋಶದೊಳಗೆ ಸೇರಿ ನೆಲೆಸಿದ್ದರಿಂದಲೇ ಗಿಡಗಳ ಎಲೆಗೆ ಹಸುರು ಬಂದಿತೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು!

ಇದೆಲ್ಲ ಪಂಡಿತರ ಗೊಡವೆಯೆಂದು ಹಿರಿಯರು ತಿಳಿಯಬಾರದು. ನೀಲಿಹಸುರು ಕುಲದ ಕೆಲವು ಜಾತಿಗಳು ಗಾಳಿಯ ಸಾರಜನಕವನ್ನು ಹಿಡಿದು ಬತ್ತದ ಗದ್ದೆಗೆ ಗೊಬ್ಬರವಾಗುತ್ತವೆ, ಇದನ್ನು ಪಿ. ಕೆ. ಡೇ ಅವರು 1939ರಲ್ಲಿ ತೋರಿಸಿಕೊಟ್ಟರು. ಅದೇ ಕುಲದ ಬೇರೆ ಕೆಲವು, ನಿಂತ ನೀರಿನಲ್ಲಿ ಅತಿಯಾಗಿ ಬೆಳೆದಾಗ, ದನಕರುಗಳನ್ನು ಕೊಲ್ಲುವಷ್ಟು ವಿಷವನ್ನು ಬಿಡುತ್ತವೆ. ಕೆರೆಯ ಹಸುರನ್ನು ಉದ್ದನೆಯ ಕೋಲಿನಿಂದ ಎತ್ತಿ ನೋಡಿರಿ, ಕೈ ಹಾಕಬೇಡಿರಿ. ರೇಷ್ಮೆಯ ಎಳೆಗಳಂತೆ ಕೋಲಿಗೆ ಜೋತುಬಿದ್ದರೆ ಬಹುಮಟ್ಟಿಗೆ ಅದು ಹಸುರು ಪಾಚಿ. ಬಣ್ಣದಲ್ಲಿ ಅದ್ದಿದಂತೆ ಕೋಲಿಗೆ ಬಳಿದುಕೊಂಡರೆ ನೀಲಿಹಸುರೆಂದು ಶಂಕಿಸಬೇಕು. ಅಂತಹ ನೀರಿಗೆ ದನಕುರಿಗಳನ್ನು ಬಿಡಬಾರದು, ನಾವೂ ಕುಡಿಯಬಾರದು. ಕಾಯಿಸಿದರೂ ಆ ವಿಷವು ಹೋಗುವುದಿಲ್ಲ.