ಉಬ್ಬಸವನ್ನು ವೈದ್ಯರು ಗುರುತಿಸುವ ಬಗೆ

"ಮಗಳಿಗೆ ಏನೂ ಇಲ್ರೀ ಡಾಕ್ಟರೇ, ಬರೀ ಥಂಡಿ" ಎನ್ನುವ ತಾಯಂದಿರು ನಮ್ಮ ಮನೆತನಗಳಲ್ಲಿ ಇಂದಿಗೂ ಕಡಿಮೆಯಿಲ್ಲ. 'ದಮ್ಮು' ಎಂಬ ಶಬ್ದ ಹೊರಬಿದ್ದರೆ ನಾಳೆ ಕನ್ಯೆ ನೋಡಲು ಬರುವವರು ಹಿಂಜರಿದಾರೆಂಬ ಅಳುಕು ಅವರದು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಾವು ಪರೀಕ್ಷಿಸಿದ ಮಕ್ಕಳಲ್ಲಿ 1979ರಲ್ಲಿ ಶೇ. 9ರಷ್ಟಿದ್ದ ಆಸ್ತಮಾ 1999ರಲ್ಲಿ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ. ಇಷ್ಟು ಮನೆಗಳಲ್ಲಿರುವುದನ್ನು ಬಚ್ಚಿಟ್ಟು ಫಲವೇನು?

ಬಚ್ಚಿಟ್ಟರೆ ರೋಗನಿರ್ಣಯವೇ ತಪ್ಪುತ್ತದೆ. ಕೆಮ್ಮು, ಎದೆಬಿಗಿತ, ಸಿಳ್ಳಿನಂತಹ ಉಸಿರು ಬಂದು ಹೋಗುತ್ತವೆಯೇ? ನಸುಕಿನಲ್ಲಿ ಹೆಚ್ಚೇ? ಓಡಿದಾಗ, ನಕ್ಕಾಗ, ಕಸ ಗುಡಿಸಿದಾಗ, ಪೂಜಾಗೃಹದ ಧೂಪದ ಹೊಗೆಗೆ ಕೆರಳುವುದೇ? ವೈದ್ಯರು ಮೊದಲು ಕೇಳುವುದು ಇದನ್ನೇ. ಅಜ್ಜನಿಗಿದ್ದ ಗೂರಲನ್ನೂ ಸಂಕೋಚವಿಲ್ಲದೆ ಹೇಳಬೇಕು. ರೋಗಿ ನೆಮ್ಮದಿಯಾಗಿರುವ ದಿನ ಸ್ಟೆತಾಸ್ಕೋಪಿಗೆ ಏನೂ ಕೇಳಿಸದಿರಬಹುದು. ಎಕ್ಸ್‌ರೇಯಲ್ಲೂ ಉಬ್ಬಸ ಕಾಣದು; ಕ್ಷಯ, ನ್ಯುಮೋನಿಯಾಗಳಲ್ಲವೆಂದು ತಿಳಿಯಲು ಅದನ್ನು ತೆಗೆಸುತ್ತಾರೆ.

ಐದಾರು ವರ್ಷ ದಾಟಿದ ಮಕ್ಕಳಿಗೂ ಹಿರಿಯರಿಗೂ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯುಂಟು. ಮೂಗಿಗೆ ಕ್ಲಿಪ್ಪು ಹಾಕಿ, ಎದೆತುಂಬ ಉಸಿರೆಳೆದು, ಕೊಳವೆಯೊಳಗೆ ಬಲವಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯೇ ಮುಖ್ಯ ಅಳತೆ. ಬಳಿಕ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಔಷಧಿಯನ್ನು ಎಳೆದುಕೊಂಡು, 10-15 ನಿಮಿಷ ಬಿಟ್ಟು ಪುನಃ ಊದುವುದು. ವಯಸ್ಕರಲ್ಲಿ ಆ ಅಳತೆ ಶೇ. 12ಕ್ಕೂ 200 ಮಿಲಿ ಲೀಟರಿಗೂ ಮಿಕ್ಕಿ ಏರಿದರೆ ಉಬ್ಬಸಕ್ಕೆ ಬಲವಾದ ಪುರಾವೆ, ಮಕ್ಕಳಲ್ಲಿ ಶೇ. 12ರ ಏರಿಕೆ ಸಾಕು. ಬೆಳಗ್ಗೆಯೇ ಇನ್‌ಹೇಲರ್ ತೆಗೆದುಕೊಂಡು ಹೋದರೆ ಈ ಅಂತರ ಕಾಣಿಸದು. ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿರಿ; ಏದುಸಿರಿದ್ದರೆ ಮಾತ್ರ ಔಷಧಿ ತಡೆಯಕೂಡದು. ಅಂದು ಎಲ್ಲವೂ ಸರಿ ಕಂಡರೂ ರೋಗವಿಲ್ಲವೆಂದಾಗದು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನವನ್ನು ಮನೆಯಲ್ಲಿ ಎರಡು ವಾರ ಬೆಳಗ್ಗೆ-ಸಂಜೆ ಊದಿ ಬರೆದಿಡಲು ಹೇಳುವುದುಂಟು.

ಹಿಟ್ಟಿನ ಗಿರಣಿಯಲ್ಲಿ ದುಡಿಯುವವರು ರಜೆಯಲ್ಲಿ ಉಸಿರು ಹಗುರಾಗುವುದೇ ಎಂಬುದನ್ನು ತಿಳಿಸಬೇಕು. ಬೀಡಿ ಸೇದಿದವರಲ್ಲಿ, ಕಟ್ಟಿಗೆಯ ಒಲೆ ಊದಿದ ತಾಯಂದಿರಲ್ಲಿ ಬೇರೊಂದು ಶ್ವಾಸಕೋಶದ ರೋಗವೂ ಇರಬಹುದು.

ಕಷ್ಟವಿರುವುದು ಐದರೊಳಗಿನ ಕೂಸುಗಳಲ್ಲಿ. ಅವು ಊದಲಾರವು, ನೆಗಡಿಯಾದಾಗ ಗೊರಗುಟ್ಟುವ ಹಲವು ಕೂಸುಗಳು ಬೆಳೆಯುತ್ತ ಗುಣವಾಗುತ್ತವೆ. ನೆಗಡಿಯಿಲ್ಲದಾಗಲೂ ಗೊರಗುಟ್ಟುವುದೇ, ಮೈಮೇಲೆ ಇಸುಬು ಇದೆಯೇ, ತಂದೆತಾಯಿಗೆ ಉಬ್ಬಸವುಂಟೇ ಎಂದು ವೈದ್ಯರು ನೋಡುತ್ತಾರೆ. ಅನುಮಾನ ಉಳಿದರೆ ಸ್ಪೇಸರ್ ಮೂಲಕ ಕಡಿಮೆ ಪ್ರಮಾಣದ ಇನ್‌ಹೇಲರ್ ಔಷಧಿಯನ್ನು ಎರಡು ಮೂರು ತಿಂಗಳು ಕೊಡಿಸಿ, ಬಳಿಕ ನಿಲ್ಲಿಸಿ ನೋಡುತ್ತಾರೆ. ಕೊಟ್ಟಾಗ ತಗ್ಗಿ, ಬಿಟ್ಟಾಗ ಮರಳಿದರೆ ಅದೇ ಉತ್ತರ. ಇಲ್ಲಿ ತಾಯಿ ಬರೆದಿಟ್ಟ ನೋಟ್‌ಬುಕ್ಕೇ ಯಂತ್ರ. ಚಟವಾದೀತೆಂದು ಹೆದರಿ ಎಂಟೇ ದಿನಕ್ಕೆ ತಾವಾಗಿ ಬಿಡುವವರು ಪರೀಕ್ಷೆಯನ್ನೇ ಕೆಡಿಸುತ್ತಾರೆ. (ಇನ್‌ಹೇಲರಿನಿಂದ ಚಟ ಹತ್ತುವುದಿಲ್ಲ.) ಆಡುತ್ತಿದ್ದ ಮಗು ಹಠಾತ್ತನೆ ಕೆಮ್ಮಿ ಸಿಳ್ಳುಸಿರು ಬಿಟ್ಟರೆ ಅದು ಉಬ್ಬಸವಾಗದೆ, ಶ್ವಾಸನಾಳದಲ್ಲಿ ಸಿಕ್ಕ ಶೇಂಗಾಕಾಳೂ ಆಗಿರಬಹುದು, ತಡಮಾಡದೆ ತೋರಿಸಬೇಕು.

ತುಟಿ ನೀಲಿಗಟ್ಟಿದರೆ, ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ, ಒಂದು ವಾಕ್ಯವನ್ನೂ ಮುಗಿಸಲಾಗದಿದ್ದರೆ ಯಾವ ಪರೀಕ್ಷೆಗೂ ಕಾಯದೆ ನೇರ ಆಸ್ಪತ್ರೆಗೆ ಒಯ್ಯಿರೆಂದು ನಮ್ಮ ಬಿನ್ನಹ.