ಬೇಸಿಗೆ ರಜದಲ್ಲಿ ಹೈಸ್ಕೂಲು ಹುಡುಗರಿಗೆ ಕೆಲಸ

ಏಪ್ರಿಲಿನಲ್ಲಿ ಪರೀಕ್ಷೆ ಮುಗಿದು ರಜ ಬಂತೆಂದರೆ ನಮ್ಮ ಹಳ್ಳಿಗಳ ಹೈಸ್ಕೂಲು ಹುಡುಗರ ಕಣ್ಣು ದಾವಣಗೆರೆ, ಹರಿಹರಗಳ ಕಡೆ ಹೊರಳುತ್ತದೆ. ಭದ್ರಾ ನಾಲೆಯ ಊರುಗಳಲ್ಲಿ ಬೇಸಿಗೆ ಬತ್ತದ ಕೆಲಸವಿದ್ದರೂ ಖುಷ್ಕಿ ಹೊಲಗಳಲ್ಲಿ ಆಗ ಬಿಡುವು. ಪುಸ್ತಕಕ್ಕೆ, ಬಟ್ಟೆಗೆ ತಾನೇ ನಾಲ್ಕು ಕಾಸು ಸಂಪಾದಿಸಬೇಕೆಂಬ ಹುಡುಗನ ಆಸೆ ಒಳ್ಳೆಯದೇ. ಆದರೆ ಅಂಗಡಿಗೆ ಹೋದ ಹುಡುಗ ರಜ ಮುಗಿದ ಮೇಲೆ ಶಾಲೆಗೆ ಹಿಂದಿರುಗದಿದ್ದರೆ ಆ ಎರಡು ತಿಂಗಳ ಸಂಬಳ ಬಹಳ ದುಬಾರಿಯಾದೀತು. ಆದುದರಿಂದ ರೈತ ಬಾಂಧವರು ಮಗನನ್ನು ಕಳುಹಿಸುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಅಗತ್ಯ.

ಮೊದಲನೆಯದು ವಯಸ್ಸು. ಬಾಲಕಾರ್ಮಿಕರಿಗೆ ಸಂಬಂಧಿಸಿದ 1986ರ ಕಾಯಿದೆಯನ್ನು 2016ರಲ್ಲಿ ತಿದ್ದಿ ಬಿಗಿಗೊಳಿಸಲಾಯಿತು. ಅದರಂತೆ 14 ವರ್ಷ ತುಂಬದ ಮಕ್ಕಳನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡ ಯಜಮಾನನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಶಾಲೆ ಬಿಟ್ಟ ಮೇಲೆ ಅಥವಾ ರಜದಲ್ಲಿ ಸ್ವಂತ ಹೊಲದಲ್ಲಿ ಅಪಾಯವಿಲ್ಲದ ಕೆಲಸಕ್ಕೆ ಮಗು ಕೈಗೂಡಿಸಿದರೆ ಅಡ್ಡಿಯಿಲ್ಲ. 14ರಿಂದ 18ರ ಒಳಗಿನವರು ಹೊರಗೆ ದುಡಿಯಬಹುದು. ಆದರೆ ಗಣಿ, ಸಿಡಿಮದ್ದು ಮುಂತಾದ ಅಪಾಯದ ಕೆಲಸಗಳಲ್ಲಿ ಅಲ್ಲ.

ಹೊತ್ತಿಗೂ ಮಿತಿಯುಂಟು. ಈ ವಯಸ್ಸಿನವರಿಂದ ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು; ನಡುವೆ ಒಂದು ಗಂಟೆ ವಿರಾಮ ಕೊಡಬೇಕು; ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ವಾರಕ್ಕೊಂದು ದಿನ ರಜ. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವೇ ಕೂಡದು. ನಮ್ಮ ಬೆಣ್ಣೆದೋಸೆ ಹೋಟೆಲುಗಳಲ್ಲಿ ಗಿರಾಕಿಗಳ ನೂಕುನುಗ್ಗಲು ಇರುವುದೇ ಮುಂಜಾನೆ ಮತ್ತು ರಾತ್ರಿ! ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆಯೂ ಓದುವ ಹುಡುಗನನ್ನು ನಿಲ್ಲಿಸುವುದು ತರವಲ್ಲ. ಮೋಟಾರು ಸೈಕಲ್ಲಿನಲ್ಲಿ ಸಾಮಾನು ಮುಟ್ಟಿಸುವ ಕೆಲಸವಂತೂ ಬೇಡವೇ ಬೇಡ. ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪೋಷಕರಿಗೂ ಗಾಡಿಯ ಮಾಲೀಕರಿಗೂ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಆಗಬಹುದು.

ಹಾಗಾದರೆ ಕೆಲಸ ಸಿಗುವುದೆಲ್ಲಿ? ಪರಿಚಯವಿರುವ ಕಡೆ. ನೀವು ಮೆಕ್ಕೆಜೋಳ ಹಾಕುವ ಮಂಡಿಯಲ್ಲಿ ಚೀಟಿ ಬರೆಯಲು, ಗೊಬ್ಬರದ ಅಂಗಡಿಯಲ್ಲಿ ದಾಸ್ತಾನು ಎಣಿಸಲು ಲೆಕ್ಕ ಬಲ್ಲ ಹುಡುಗ ಬೇಕಾಗಬಹುದು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂಥ ಕಡೆ ನೆಂಟರಿದ್ದರೆ ಅಕ್ಕಪಕ್ಕದ ಅಂಗಡಿಗಳಲ್ಲಿ ಅವರಿಂದ ವಿಚಾರಿಸಿಸಿರಿ. ಹುಡುಗಿಯರಿಗೂ ಇದೇ ಮಾತು; ಹೊಲಿಗೆ ಅಂಗಡಿ, ಪುಸ್ತಕದ ಅಂಗಡಿ ಅವರಿಗೆ ಒಗ್ಗುತ್ತವೆ. ಮೊದಲ ದಿನ ತಂದೆಯೋ ತಾಯಿಯೋ ಜೊತೆಗೆ ಹೋಗಬೇಕು. ಆದರೆ ಮಾತನ್ನು ಮಗುವೇ ಆಡಲಿ. ವ್ಯಾಪಾರ ತಣ್ಣಗಿರುವ ಮಧ್ಯಾಹ್ನದಲ್ಲಿ, ಶಾಲೆಯಿಂದ ಪಡೆದ ವಯಸ್ಸಿನ ಪತ್ರ ಹಿಡಿದು ಹೋಗುವುದು ಲೇಸು. ಎಷ್ಟು ಹೊತ್ತು, ಎಷ್ಟು ಸಂಬಳ, ಯಾವ ದಿನ ಬಟವಾಡೆ ಎಂಬುದನ್ನು ಅಂದೇ ಕೇಳಿ ಬರೆದಿಟ್ಟುಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು: ಮಗನ ಹೆಸರಿನಲ್ಲಿ ಮುಂಗಡ ತೆಗೆದುಕೊಳ್ಳಬೇಡಿ. ತಂದೆ ಪಡೆದ ಸಾಲಕ್ಕೆ ಮಗ ದುಡಿದು ತೀರಿಸುವ ಜೀತವನ್ನು 1976ರ ಕಾಯಿದೆ ರದ್ದುಮಾಡಿದೆ. ಆದಾಗ್ಯೂ ಮುಂಗಡದ ಹಂಗಿಗೆ ಬಿದ್ದವನು ಶಾಲೆ ತೆರೆದ ದಿನ ಹೊರಡುವುದು ಕಷ್ಟ. ಹತ್ತು ವರ್ಷ ದಾಟಿದ ಮಗು ಬ್ಯಾಂಕಿನಲ್ಲಿ ತಾನೇ ಸಹಿ ಮಾಡುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿದೆ. ಸಂಬಳ ಅಲ್ಲಿಗೇ ಹೋಗಲಿ.

ಓದು ಏಕೆ ನಿಲ್ಲಬಾರದೆಂಬುದಕ್ಕೆ ಹರಿಹರವನ್ನು ನೋಡಿರಿ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದಲ್ಲೆಲ್ಲ ಹೆಸರಾಗಿದ್ದವು. ಈ ಶತಮಾನದ ಆರಂಭದ ವೇಳೆಗೆ ಅದು ನಿಂತುಹೋಯಿತು. ದಾವಣಗೆರೆಯ ಹತ್ತಿ ಗಿರಣಿಗಳ ಹಳೆಯ ವೈಭವವೂ ಈಗಿಲ್ಲ. ಕಾರ್ಖಾನೆ ಮುಚ್ಚಿದಾಗ ನಕ್ಷೆ ಓದಿ ಲೇತು ನಡೆಸಬಲ್ಲವನು ಬೇರೆಡೆ ನಿಲ್ಲಬಲ್ಲ. ಮೂಟೆ ಹೊರುವುದಷ್ಟೇ ಬಲ್ಲವನಿಗೆ ಆ ದಾರಿ ಕಿರಿದು. ಹತ್ತನೆಯ ತರಗತಿ ಪಾಸಾದವರಿಗೆ ಐ.ಟಿ.ಐ.ಗಳಿವೆ. 1961ರ ಕಾಯಿದೆಯಂತೆ ಕಾರ್ಖಾನೆಗಳಲ್ಲಿ ಭತ್ಯೆ ಸಹಿತ ಅಪ್ರೆಂಟಿಸ್ ತರಬೇತಿಯೂ ಇದೆ. ಅಪ್ರಾಪ್ತ ವಯಸ್ಕನ ಪರವಾಗಿ ಪೋಷಕರೇ ಆ ಕರಾರಿಗೆ ಸಹಿ ಹಾಕಬೇಕು.

ಕೆಲಸದಲ್ಲಿ ಹೊಡೆತ ಬಡಿತ ಕಂಡರೆ, ಕಳುಹಿಸಿಕೊಡಲು ಒಪ್ಪದಿದ್ದರೆ, 1098ಕ್ಕೆ ಫೋನು ಮಾಡಿರಿ, ಅದಕ್ಕೆ ಹಣವಿಲ್ಲ. ಶಾಲೆ ತೆರೆಯುವ ದಿನಕ್ಕೆ ಒಂದು ವಾರ ಮುಂಚೆಯೇ ಮಗನ ಲೆಕ್ಕ ಚುಕ್ತಾ ಆಗಬೇಕೆಂದು ಯಜಮಾನರಿಗೆ ಸೇರುವ ದಿನವೇ ತಿಳಿಸಿಬಿಡಿ.